ರೊಸಾರಿಯೊ ಬಾಗಿಲು ತೆಗೆಯಲಿಲ್ಲ

“ರೊಸಾರಿಯೊ... ಬಾಗಿಲು ತೆಗೆ.”

ನೀರಜಾಕ್ಷಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಗಂಡಸಿನ ಸ್ವರ. ಅಡುಗೆಮನೆಯ ಮುಚ್ಚಿದ ಬಾಗಿಲ ಆಚೆಯಿಂದ ಬಂದದ್ದು. ಆಳದ ಬಾವಿಯಿಂದ ತುಂಬಿದ ಕೊಡವನ್ನು ನಿಧಾನ ಎಳೆದಂತೆ, ಭಾರ... ಆದರೆ ಒಂದು ಹನಿಯೂ ಚೆಲ್ಲದ ಸ್ವರ!

ಅವಳು ಮೇಬಲ್‌ಳ ಮುಖ ನೋಡಿದಳು. ಮೇಬಲ್ ತೆಂಗಿನಕಾಯಿ ತುರಿಯುವುದನ್ನು ಬಿಟ್ಟು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಇಷ್ಟು ಹೊತ್ತೂ ನೀರಜಾಕ್ಷಿ ಅವಳಿಗೆ ಒಂದು ಕಥೆ ಹೇಳುತ್ತಿದ್ದಳು. ಅಮೆರಿಕದ ಟೆಕ್ಸಾಸಿನಲ್ಲಿ ರೊಸಾರಿಯೊ ಎಂಬ ಮೆಕ್ಸಿಕನ್ ಹೆಂಗಸು. ಗಂಡ ಅನ್ಸೆಲ್ಮೊ ಸುಗ್ಗಿಯ ಕೂಲಿಗೆಂದು ಲಾರಿ ಹತ್ತಿ ಉತ್ತರಕ್ಕೆ ಹೋದವನು, ಬರಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಒಂದು ಸಂಜೆ ಬಂದು ಬಾಗಿಲು ತಟ್ಟುತ್ತಾನೆ... ಕಥೆ ಅಲ್ಲಿಗೆ ಬಂದಿತ್ತು. ಹೊರಗಿನಿಂದ ಯಾರೋ ಅನ್ಸೆಲ್ಮೊನೇ ಆಗಿಬಿಟ್ಟಿದ್ದಾರೆ!

ಏನಾಯಿತೋ, ಅವಳ ಬಾಯಿಂದಲೂ ಮಾತು ಹಾರಿತು.

“ಯಾರು?”

“ನಾನು. ನಿನ್ನ ಪತಿ, ಅನ್ಸೆಲ್ಮೊ.”

“ನನ್ನ ಪತಿ ಟೊಮೇಟೊ ಕೀಳಲು ಹೋದವನು. ಆ ಹೊಲದಲ್ಲಿ ಎಷ್ಟು ಬೆಳೆ ಬಂದು ಹೋದವೋ. ನೀನು ಯಾವ ಬೆಳೆಯ ಅನ್ಸೆಲ್ಮೊ?”

“ದಾರಿ ದೂರವಿತ್ತು, ರೊಸಾರಿಯೊ.”

“ದೂರವಿದ್ದದ್ದು ನಡೆಯುವ ದಾರಿಯೋ, ನೆನೆಯುವ ದಾರಿಯೋ?”

ಆಚೆಯಿಂದ ಚಪ್ಪಾಳೆ!

“ಬಿತ್ತಾ ಪೆಟ್ಟು ಜಯರಾಜಾ? ಬಿತ್ತಾ ಮಾರಾಯಾ!” ಮೇಬಲ್‌ಳ ಗಂಡ ಅಗಸ್ಟಿನ್‌ನ ಕೂಗು ಅದು. “ಇಷ್ಟು ವರ್ಷದಲ್ಲಿ ನಿನ್ನ ಬಾಯಿ ಮುಚ್ಚಿಸಿದ್ದು ಇವಳೇ ಫಸ್ಟು!”

ನೀರಜಾಕ್ಷಿ ಬಾಗಿಲು ತೆಗೆದಳು.

ಆ ಸ್ವರಕ್ಕೆ ಅವಳು ಆಜಾನುಬಾಹು ಒಬ್ಬನನ್ನು ಕಲ್ಪಿಸಿದ್ದಳು. ನಿಂತಿದ್ದವನೋ ಸಪೂರ ಆಳು. ಮೊಣಕೈಯವರೆಗೆ ವೆಲ್ಡಿಂಗ್ ಕಿಡಿ ಹಾರಿದ ಕಪ್ಪು ಚುಕ್ಕೆಗಳು. ಅವಳನ್ನು ಕಂಡದ್ದೇ ಕಣ್ಣು ನೆಲಕ್ಕೆ ಇಳಿಯಿತು.

“ಅದು... ಕಥೆ ಕೇಳಿಸ್ತು. ಬಾಯಿ ತಡೀಲಿಲ್ಲ. ಬೇಜಾರು ಮಾಡ್ಬೇಡಿ.”

ಅಷ್ಟೇ! ಆ ದಿನ ಊಟ ಮುಗಿಯುವವರೆಗೆ ಅವನು ಆಡಿದ ಇನ್ನೊಂದು ಮಾತು ಎಂದರೆ, “ಸಾರು ಸ್ವಲ್ಪ.”

*

ನೀರಜಾಕ್ಷಿ ಮುಲ್ಕಿಯವಳು. ಬಹರೈನಿನ ಮನಾಮದಲ್ಲಿ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಟೈಪಿಸ್ಟ್. ಮಂಗಳೂರಿನ ಅಗಸ್ಟಿನ್ ದಂಪತಿಯ ಫ್ಲಾಟಿನಲ್ಲಿ ಒಂದು ಚಿಕ್ಕ ಕೋಣೆ ಹಿಡಿದಿದ್ದಳು. ಕೋಣೆಯ ಕಿಟಕಿ ತೆರೆದರೆ ಎದುರು ಇನ್ನೊಂದು ಕಟ್ಟಡದ ಏಸಿಗಳ ಬೆನ್ನು. ಸದಾ ಗೊರಗೊರ, ಸದಾ ತೊಟ್ಟಿಕ್ಕುವ ನೀರು. ಬಹರೈನಿಗೆ ಬಂದ ಹೊಸದರಲ್ಲಿ ಆ ಹನಿಯ ಸದ್ದು ಕೇಳಿ ಊರಿನ ಮಳೆ ಎಂದು ಎದ್ದು ಕೂತದ್ದುಂಟು. ಆಮೇಲೆ ಅದೂ ಅಭ್ಯಾಸವಾಯಿತು. ಒಂಟಿತನಕ್ಕೆ ಮನುಷ್ಯ ಒಗ್ಗಿಕೊಳ್ಳುವುದು ಹೀಗೇ ನೋಡಿ, ಮೊದಲು ಮೋಸ ಹೋಗಿ, ಆಮೇಲೆ ಮೋಸ ಹೋಗುವುದನ್ನೂ ಬಿಟ್ಟು.

ಕಂಪನಿಯ ಕೆಲಸ ಮುಗಿದ ಮೇಲೆ, ವಾರದಲ್ಲಿ ಕೆಲವು ಸಂಜೆ ಅವಳು ಜುಫೇರಿಗೆ ಹೋಗುತ್ತಿದ್ದಳು. ಅಲ್ಲಿ ಅಮೆರಿಕನ್ ಎಂಜಿನಿಯರನೊಬ್ಬನ ಹೆಂಡತಿ ಇದ್ದಳು, ಕೊನ್ಸ್ವೆಲೊ. ಹೆಸರಿಗೆ ಅಮೆರಿಕದವಳು. ಮೈಬಣ್ಣ ನಮ್ಮ ಕರಾವಳಿಯದ್ದೇ. ಅಪ್ಪ ಅಮ್ಮ ಟೆಕ್ಸಾಸಿನಲ್ಲಿ ಹೊಲದಿಂದ ಹೊಲಕ್ಕೆ ಸುಗ್ಗಿ ಹಿಂಬಾಲಿಸಿ ಹೋದ ಮೆಕ್ಸಿಕನ್ ಕೂಲಿಗಳು. ಮಗಳು ಕಥೆ ಬರೆಯುವವಳು.

“ನಮ್ಮವರ ಕಥೆ ಅಲ್ಲಿನ ದೊಡ್ಡ ಪ್ರಕಾಶಕರಿಗೆ ಬೇಡ, ಮಿಹಾ,” ಎನ್ನುತ್ತಿದ್ದಳು ಮೇಡಂ. ಅವಳ ಸ್ಪ್ಯಾನಿಷಿನಲ್ಲಿ ಮಿಹಾ ಎಂದರೆ ಮಗಳೇ. “ಹಾಗಾಗಿ ಸ್ನೇಹಿತರು ಸೇರಿ ಗ್ಯಾರೇಜಿನಲ್ಲಿ ಒಂದು ಅಚ್ಚಿನ ಯಂತ್ರ ಇಟ್ಟೆವು. ನಾವೇ ಅಚ್ಚು ಹಾಕುವುದು, ನಾವೇ ಹೊಲಿಯುವುದು, ಕಾರಿನ ಡಿಕ್ಕಿಯಲ್ಲಿ ತುಂಬಿ ಚರ್ಚಿನ ಬಾಗಿಲಲ್ಲಿ ಮಾರುವುದು. ನಮ್ಮ ಸಾಹಿತ್ಯ ಹಾಗೆ ಬೆಳೆಯುತ್ತಿದೆ. ಡಿಕ್ಕಿಯಲ್ಲಿ!”

ಮೇಡಂ ಕೈಯಲ್ಲಿ ಬರೆದದ್ದನ್ನು ನೀರಜಾಕ್ಷಿ ಟೈಪು ಮಾಡಬೇಕು. ಇಂಗ್ಲಿಷಿನ ನಡುನಡುವೆ ಸ್ಪ್ಯಾನಿಷ್ ಮಾತು ಬರುತ್ತಿತ್ತು. ಇನ್‌ಸ್ಟಿಟ್ಯೂಟಿನಲ್ಲಿ ಕಲಿತಂತೆ ಅವಳು ಮೊದಲ ದಿನ ಆ ಮಾತುಗಳಿಗೆಲ್ಲ ಅಡಿಗೆರೆ ಹಾಕಿದ್ದಳು.

ಮೇಡಂ ಹಾಳೆ ನೋಡಿ ಕೇಳಿದಳು, “ನನ್ನ ಅಜ್ಜಿಯ ಮಾತಿನ ಕೆಳಗೆ ಯಾಕೆ ಗೆರೆ? ಅವಳು ಈ ಪುಟಕ್ಕೆ ನೆಂಟಳಾಗಿ ಬಂದವಳಾ?”

ನೀರಜಾಕ್ಷಿಗೆ ನಾಚಿಕೆಯಾಯಿತು. ಹೌದಲ್ಲ! ಮೇಬಲ್ ಗಂಡನಿಗೆ ಬೈಯುವುದು ಕೊಂಕಣಿಯಲ್ಲಿ, ತನ್ನನ್ನು ಊಟಕ್ಕೆ ಕರೆಯುವುದು ಕನ್ನಡದಲ್ಲಿ, ಅಂಗಡಿಯವನ ಹತ್ತಿರ ಚೌಕಾಸಿ ಹಿಂದಿಯಲ್ಲಿ, ಕೊನೆಗೆ “ಖಲಾಸ್” ಎಂದು ಕೈ ಝಾಡಿಸುವುದು ಅರಬಿಯಲ್ಲಿ. ಅದಕ್ಕೆಲ್ಲ ಯಾರಾದರೂ ಗೆರೆ ಎಳೆಯುತ್ತಾರಾ?

ಅಂದಿನಿಂದ ಆ ಕಥೆಗಳು ಅವಳಿಗೆ ಪರದೇಶದವು ಎನಿಸಲಿಲ್ಲ.

ಆದರೆ ರೊಸಾರಿಯೊಳ ಕಥೆ ಬಾಗಿಲ ಹತ್ತಿರ ಬಂದು ನಿಂತುಬಿಟ್ಟಿತ್ತು. ಮೇಡಂಗೆ ಮುಂದಿನದು ತೋಚಲಿಲ್ಲ. ವಾರಗಟ್ಟಲೆ ಅನ್ಸೆಲ್ಮೊ ಹೊರಗೆ ನಿಂತೇ ಇದ್ದ, ರೊಸಾರಿಯೊ ಒಳಗೆ ನಿಂತೇ ಇದ್ದಳು.

*

ಜಯರಾಜ ಹಿದ್‌ನ ಡ್ರೈಡಾಕಿನಲ್ಲಿ ಹಡಗುಗಳಿಗೆ ಬೆಸುಗೆ ಹಾಕುವವನು, ಕಾರ್ಕಳದ ಕಡೆಯವನು, ಅಗಸ್ಟಿನ್‌ನ ಗೆಳೆಯ. ಅಲ್ಲಿನ ಕನ್ನಡಿಗರ ಸಂಘದ ತಾಳಮದ್ದಳೆಗೆ ಅವನೇ ದೊಡ್ಡ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಕೂತಲ್ಲೇ ಪಾತ್ರವಾಗಿ ವಾದಕ್ಕೆ ಇಳಿದನೆಂದರೆ ಎದುರಿನವನು ಬೆವರಬೇಕು. ಎದ್ದ ಮೇಲೆ ಮಾತ್ರ ಮೂಕ.

“ನಮ್ಮ ಜಯರಾಜನಿಗೆ ಸ್ವಂತ ಮಾತು ಅಂತ ಇಲ್ಲ,” ಎಂದು ತಮಾಷೆ ಮಾಡುತ್ತಿದ್ದ ಅಗಸ್ಟಿನ್. “ಎಲ್ಲಾ ಪಾತ್ರಗಳದ್ದೇ. ಇವನಿಗೆ ಹಸಿವಾದ್ರೂ ಭಾಗವತ್ರು ಪದ ಹೇಳ್ಬೇಕು, ಆಮೇಲೆ ಹೇಳ್ತಾನೆ!”

ಭಾಗವತ ಗುರುವಪ್ಪ ಮನಾಮದಲ್ಲಿ ಟೈಲರ್. ಅಡುಗೆಮನೆಯ ಆ ವಾದದ ಸುದ್ದಿ ಅವನ ಕಿವಿಗೆ ಬಿದ್ದದ್ದೇ ಹೊಲಿಗೆ ಬಿಟ್ಟು ಓಡಿ ಬಂದ.

“ಸಂಘದ ವಾರ್ಷಿಕೋತ್ಸವಕ್ಕೆ ಇದೇ ಪ್ರಸಂಗ! ಪದ ನಾನು ಕಟ್ತೇನೆ. ಅನ್ಸೆಲ್ಮೊ ಜಯರಾಜ, ರೊಸಾರಿಯೊ ಈ ತಂಗಿ.”

“ಹೆಂಗಸು ಅರ್ಥ ಹೇಳುದಾ?” ಎಂದರು ಕೆಲವರು. “ಅದೂ ಪುರಾಣ ಬಿಟ್ಟು ಅಮೆರಿಕದ ಕೂಲಿಯ ಕಥೆಯಾ?”

“ಹೆಂಡತಿಯನ್ನು ಊರಲ್ಲಿ ಬಿಟ್ಟು ಪರದೇಶಕ್ಕೆ ದುಡೀಲಿಕ್ಕೆ ಹೋದವನ ಕಥೆ ಯಾವ ಪುರಾಣಕ್ಕೆ ಕಮ್ಮಿ ಮಾರಾಯ್ರೆ?” ಗುರುವಪ್ಪ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡೇ ಗುಡುಗಿದ. “ಆ ಹಾಲಿನಲ್ಲಿ ಕೂರುವವರು ಯಾರು? ನೀವೆಲ್ಲ ಅನ್ಸೆಲ್ಮೊಗಳೇ!”

ಪ್ರಸಂಗ ನಿಶ್ಚಯವಾಯಿತು.

ಶುಕ್ರವಾರಗಳು ಬದಲಾದವು. ಇಡೀ ವಾರ ರಜೆಗೆ ಕಾದು, ರಜೆ ಬಂದಾಗ ಏನು ಮಾಡುವುದೆಂದು ತಿಳಿಯದೆ ಚಾದರ ಒಗೆಯುತ್ತಿದ್ದವಳು, ಈಗ ಹಿದ್‌ನಿಂದ ಬರುವ ಬಸ್ಸಿನ ಸದ್ದಿಗೆ ಕಿವಿಗೊಡತೊಡಗಿದಳು. ಅಭ್ಯಾಸದಲ್ಲಿ ಇಬ್ಬರದ್ದೂ ಜಗಳವೇ ಜಗಳ. ಮುಗಿದ ಮೇಲೆ ಅವನು ಚಹಾದ ಲೋಟ ಹಿಡಿದು ಮೂಲೆಯಲ್ಲಿ. ಕಣ್ಣೆತ್ತಿ ಒಮ್ಮೆ ನೋಡುತ್ತಿದ್ದ. ಅವಳು ನೋಡಿದರೆ, ಲೋಟ ನೋಡುತ್ತಿದ್ದ!

‘ಈ ಮನುಷ್ಯನ ಒಳಗೆ ಯಾರಿದ್ದಾರೆ?’ ಎಂದುಕೊಳ್ಳುವಳು ನೀರಜಾ. ‘ಆ ಸ್ವರ ಇವನದ್ದಾ, ಅಥವಾ ಯಾರಿಂದಲೋ ಕಡ ತಂದದ್ದಾ?’

ಒಂದು ಸಂಜೆ ನಾಲ್ವರೂ ಮುಹರ್ರಕ್‌ನ ಕಡಲ ಬದಿಗೆ ಹೋಗಿದ್ದರು. ಅಗಸ್ಟಿನ್ ದಂಪತಿ ಮೀನಿನವನ ಹತ್ತಿರ ಜಗಳಕ್ಕೆ ನಿಂತಿದ್ದರು. ಇವರಿಬ್ಬರು ಕಲ್ಲಿನ ಮೇಲೆ ಕೂತರು. ಅಲೆಯಿಲ್ಲದ ಕಡಲು, ತಟ್ಟೆಯಲ್ಲಿಟ್ಟ ನೀರಿನಂತೆ. ಊರಿನ ಕಡಲಾದರೆ ಎಷ್ಟು ಮಾತಾಡುತ್ತದೆ...

“ನಂಗೂ ಒಬ್ಬ ಅನ್ಸೆಲ್ಮೊ ಇದ್ದ,” ಎಂದಳು ನೀರಜಾ, ಇದ್ದಕ್ಕಿದ್ದಂತೆ.

ಜಯರಾಜ ತಿರುಗಿ ನೋಡಿದ.

“ವಸಂತಕುಮಾರ ಅಂತ. ನಿಶ್ಚಯ ಆಗಿತ್ತು. ಮಸ್ಕತ್ತಿಗೆ ಹೋದ್ರು. ಮುಂದಿನ ವರ್ಷ ಬರ್ತೇನೆ ಅಂದ್ರು. ಪ್ರತೀ ವರ್ಷವೂ ಮುಂದಿನ ವರ್ಷವೇ. ಕೊನೆಗೆ ಅಲ್ಲಿಯೇ ಯಾರನ್ನೋ ಮದುವೆ ಆದ್ರಂತೆ. ನಾನು ಬಾಗಿಲಲ್ಲಿ ನಿಂತೇ ಬಾಕಿ.” ಅವಳು ನಗಲು ನೋಡಿದಳು. “ಒಂದೊಂದ್ಸಲ ಅನ್ನಿಸ್ತದೆ... ನಾನು ಅವರನ್ನು ಪ್ರೀತಿಸ್ಲೇ ಇಲ್ಲ. ಕಾಯುದನ್ನೇ ಪ್ರೀತಿಸಿದ್ದು. ಕಾಯುದು ನಿಂತ್ರೆ ನನ್ನ ಹತ್ರ ಬೇರೆ ಎಂತ ಉಂಟು, ಅಲ್ವಾ? ಇದನ್ನು ಯಾರಿಗೂ ಹೇಳಿದ್ದಿಲ್ಲ. ನಮ್ಮ ಅಮ್ಮನಿಗೂ.”

ಅವನು ಒಂದು ಕಲ್ಲು ಎತ್ತಿ ನೀರಿಗೆ ಬಿಟ್ಟ. ಆಮೇಲೆ, “ಹ್ಞೂಂ,” ಎಂದ.

ಬರೀ ಒಂದು ಹ್ಞೂಂ! ಆದರೆ ಅದನ್ನು ಹೇಳುವಾಗ ಅವನು ಕಣ್ಣು ತಗ್ಗಿಸಿರಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು. ಆ ಹ್ಞೂಂ ಅನ್ನು ಜೋಪಾನವಾಗಿ ಮನೆಗೆ ತಂದು, ಮಲಗುವಾಗ ಇನ್ನೊಮ್ಮೆ ಕೇಳಿಸಿಕೊಂಡಳು.

*

ವಾರ್ಷಿಕೋತ್ಸವದ ಮಧ್ಯಾಹ್ನ. ಬಾಡಿಗೆಗೆ ಹಿಡಿದ ಶಾಲೆಯ ಹಾಲು ಕಿಕ್ಕಿರಿದಿತ್ತು. ಸಿತ್ರಾ, ಸನದ್, ರಿಫಾ ಎಂದು ಎಲ್ಲ ಕಡೆಯಿಂದ ಜನ. ವೇದಿಕೆಯ ಮುಂದೆ ಟೇಪ್ ರೆಕಾರ್ಡರುಗಳ ಸಾಲು. ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸಬೇಕಲ್ಲ! ಅಗಸ್ಟಿನ್‌ನದ್ದು ಎಲ್ಲರದ್ದಕ್ಕಿಂತ ಮುಂದೆ.

ಗುರುವಪ್ಪ ಪದ ಎತ್ತಿದ. ಚೆಂಡೆ ಮದ್ದಳೆ ನಿಂತವು. ಜಯರಾಜ ಶುರು ಮಾಡಿದ.

“ರೊಸಾರಿಯೊ... ಬಾಗಿಲು ತೆಗೆ.”

ಹಿಂದಿನ ಸಾಲಿನವರು ಮುಂದಕ್ಕೆ ಬಾಗಿದರು.

ಆ ದಿನ ನೀರಜಾಕ್ಷಿಯ ನಾಲಗೆಯ ಮೇಲೆ ಯಾರು ಕೂತಿದ್ದರೋ! ಅವನ ಒಂದೊಂದು ನೆಪವನ್ನೂ ಹಿಡಿದು ಹಿಂಜಿದಳು. ಹೆಂಗಸರ ಸಾಲಿನಲ್ಲಿ ಮೂಗು ಸೀಟುವ ಸದ್ದು. ಗಂಡಸರು ತಲೆ ತಗ್ಗಿಸಿ ಕೂತಿದ್ದರು.

“ನಾನು ಬಿಸಿಲಿನಲ್ಲಿ ಬೆಂದೆ,” ಎಂದ ಅನ್ಸೆಲ್ಮೊ.

“ಬೆಂದವನಿಗೆ ಮನೆಯ ನೆರಳು ನೆನಪಾಗಬೇಕಿತ್ತು. ನಾನು ಇಲ್ಲಿ ಪ್ರತಿ ದಿನ ಎರಡು ತಟ್ಟೆ ಇಟ್ಟೆ. ಎರಡನೆಯದನ್ನು ತೊಳೆಯುವಾಗಲೆಲ್ಲ ನೀನು ಸತ್ತೆ. ಇಷ್ಟು ಸಲ ಸತ್ತವನಿಗೆ ಯಾವ ಬಾಗಿಲು ತೆಗೆಯಲಿ? ಹೇಳು!”

ಹಾಲಿಗೆ ಹಾಲೇ ಓಹೋ ಎಂದಿತು. ಈಗ ಅನ್ಸೆಲ್ಮೊ ಸೋತು ಕ್ಷಮೆ ಕೇಳಬೇಕು. ಅಭ್ಯಾಸ ಮಾಡಿದ್ದು ಹಾಗೆಯೇ.

ಆದರೆ ಅರ್ಥಧಾರಿಯ ಚಟ ಒಂದಿದೆ ನೋಡಿ. ಎದುರಿನ ಮಾತಿಗೆ ಉತ್ತರ ಕೊಡದೆ ಬಿಟ್ಟರೆ ಅವನಿಗೆ ಅದು ಸಾವು. ಆ ಗಳಿಗೆಯಲ್ಲಿ ನಾಲಗೆ ಕತ್ತಿಗಾಗಿ ತಡಕಾಡುತ್ತದೆ. ಕೈಗೆ ಸಿಕ್ಕಿದ್ದು ಯಾರದ್ದು ಎಂದು ನೋಡುವುದಿಲ್ಲ.

ಜಯರಾಜನ ಸ್ವರ ಮೊಳಗಿತು.

“ಸುಳ್ಳು, ರೊಸಾರಿಯೊ! ನೀನು ನನ್ನನ್ನು ಪ್ರೀತಿಸಲೇ ಇಲ್ಲ. ನೀನು ಪ್ರೀತಿಸಿದ್ದು ಕಾಯುವುದನ್ನು! ನಾನು ಬಂದರೆ ನಿನ್ನ ಕಾಯುವಿಕೆ ಮುಗಿಯುತ್ತದೆ. ಆಮೇಲೆ ನಿನ್ನ ಬಳಿ ಏನಿದೆ?”

ನೀರಜಾಕ್ಷಿಯ ಕಿವಿ ಗುಂಯ್ ಎಂದಿತು.

ಅದು... ಅದು ತನ್ನ ಮಾತು. ಕಡಲ ಬದಿಯ ಕಲ್ಲಿನ ಮೇಲೆ, ಜೀವ ಗಟ್ಟಿ ಮಾಡಿಕೊಂಡು ಒಬ್ಬನಿಗೆ ಮಾತ್ರ ಕೊಟ್ಟ ಮಾತು! ಈಗ ಅಷ್ಟೂ ಜನರ ಮುಂದೆ, ಮೈಕಿನಲ್ಲಿ...

ಊರಿನಲ್ಲಿ ಅರ್ಥಧಾರಿಗಳು ಪಾತ್ರದ ನೆಪದಲ್ಲಿ ಎದುರಿನವನ ಮನೆವಾರ್ತೆಯನ್ನು ಚುಚ್ಚುವುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ‘ನನಗೇ ಹೇಳಿದ್ದು ಇದು. ರೊಸಾರಿಯೊಗೆ ಅಲ್ಲ. ನನ್ನ ಬಗ್ಗೆ ಇವರಿಗೆ ಇರುವುದು ಇಷ್ಟೇ ಅಭಿಪ್ರಾಯ!’

ಅವಳು ಎದ್ದಳು. ಕುರ್ಚಿ ಕಿರ್ರೆಂದಿತು. ತಿರುಗಿ ನೋಡದೆ ವೇದಿಕೆ ಇಳಿದು, ನಡುವಿನ ದಾರಿಯಲ್ಲಿ ನೇರ ಬಾಗಿಲಿನತ್ತ ನಡೆದಳು.

ಜನ ಏನು ತಿಳಿದರು ಗೊತ್ತೆ? ರೊಸಾರಿಯೊ ಅನ್ಸೆಲ್ಮೊನನ್ನು ತೊರೆದು ಹೋದಳು ಎಂದು! ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವಳು ಬಿಸಿಲಿಗೆ ಬಿದ್ದಳು.

*

ಮರುದಿನ ಸಂಜೆ ಬಾಗಿಲು ತಟ್ಟಿದ ಸದ್ದು. ಮೇಬಲ್, ಅಗಸ್ಟಿನ್ ಇಬ್ಬರೂ ಡ್ಯೂಟಿಯಲ್ಲಿದ್ದರು.

“ಯಾರು?”

ಉತ್ತರವಿಲ್ಲ. ಉಸಿರಾಟ ಮಾತ್ರ. ಅವಳಿಗೆ ತಿಳಿಯಿತು.

ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ‘ಹೇಳಿ... ಒಂದು ಮಾತು ಹೇಳಿ. ಅಷ್ಟು ಜನರ ಮುಂದೆ ಅಷ್ಟು ಚೆಂದ ಹೇಳಿದವರು, ನನಗೊಬ್ಬಳಿಗೆ ಏನಾದರೂ ಹೇಳಿ!’

ಆಚೆ ಗಂಟಲು ಸರಿಮಾಡಿದ ಸದ್ದಾಯಿತು. ಮಾತು ಬರಲಿಲ್ಲ. ತುಂಬಾ ಹೊತ್ತಿನ ಮೇಲೆ ಮೆಟ್ಟಿಲು ಇಳಿದು ಹೋದ ಚಪ್ಪಲಿಯ ಸದ್ದು.

ರೊಸಾರಿಯೊ ಬಾಗಿಲು ತೆಗೆಯಲಿಲ್ಲ.

ಅವಳು ಕಂಪನಿಗೆ ಹೋದಳು, ಜುಫೇರಿಗೆ ಹೋದಳು, ಬಂದಳು. ಕಿಟಕಿಯಾಚೆ ಏಸಿಯ ನೀರು ತೊಟ್ಟಿಕ್ಕಿತು. ಶುಕ್ರವಾರ ಬಂತು, ಚಾದರ ಒಗೆದಳು. ಮೇಬಲ್ ಅವನ ಹೆಸರು ಎತ್ತಿದರೆ, “ಬೇಡ ಮೇಬಲ್ ಬಾಯಿ, ಅದೊಂದು ಬೇಡ,” ಎಂದು ಎದ್ದು ಹೋಗುವಳು. ಕೊಂಕಣಿಯ ಈ ‘ಬಾಯಿ’ ಎಂದರೆ ಅಕ್ಕ. ಹಿದ್‌ನ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು.

ಅದರ ಮುಂದಿನ ಗುರುವಾರ ಊಟಕ್ಕೆ ಕೂತಾಗ ಅಗಸ್ಟಿನ್ ತಟ್ಟೆ ನೋಡುತ್ತಲೇ ಹೇಳಿದ.

“ಜಯರಾಜ ದುಬೈಗೆ ಹೋಗ್ತಾನೆ. ಅಲ್ಲಿ ಕೆಲಸ ಸಿಕ್ಕಿದೆಯಂತೆ. ಭಾನುವಾರ ಫ್ಲೈಟು.”

ಅವಳು ತುತ್ತನ್ನು ತಟ್ಟೆಗೇ ಹಾಕಿದಳು. ನೀರು ಕುಡಿದು ಕೋಣೆಗೆ ಹೋಗಿ ಕದ ಹಾಕಿಕೊಂಡಳು. ‘ಹೋಗಲಿ. ಹೋಗುವವರು ಹೋಗುತ್ತಾರೆ. ನನಗೇನು ಹೊಸತಾ?’

ಸ್ವಲ್ಪ ಹೊತ್ತಿನಲ್ಲಿ ಹಾಲಿನಿಂದ ಚೆಂಡೆಯ ಸದ್ದು. ಅಗಸ್ಟಿನ್ ಊರಿಗೆ ಕಳಿಸಲು ಕ್ಯಾಸೆಟ್ ಕಾಪಿ ಮಾಡುತ್ತಿದ್ದ. ಅವಳ ಸ್ವಂತ ಸ್ವರ ಗೋಡೆ ದಾಟಿ ಬಂತು. ಆಮೇಲೆ ಆ ಮಾತು. ಆಮೇಲೆ ಕುರ್ಚಿ ಕಿರ್ರೆಂದದ್ದು, ಚಪ್ಪಾಳೆ...

ಅವಳು ಕಿವಿ ಮುಚ್ಚಿಕೊಂಡಳು. ಟೇಪು ಓಡುತ್ತಲೇ ಇತ್ತು. ಕೈ ತೆಗೆದಾಗ ಚಪ್ಪಾಳೆ ಇಳಿದಿತ್ತು. ಗುರುವಪ್ಪನ ಸ್ವರ ಕೇಳಿಸಿತು.

“ಮುಂದೇನು ಅನ್ಸೆಲ್ಮೊ? ಮಾತಾಡು.”

ಮೌನ.

ಫ್ಯಾನಿನ ಸದ್ದು. ಯಾರೋ ಕೆಮ್ಮಿದರು. ಎಲ್ಲೋ ಮಗುವೊಂದು ಅತ್ತಿತು. ಗುರುವಪ್ಪ ಸಮಯ ತುಂಬಿಸಲು ಇನ್ನೊಂದು ಪದ ಹೇಳಿದ. ಸಭೆಯಲ್ಲಿ ಗುಸುಗುಸು.

ಕೊನೆಗೆ ಒಂದು ಸ್ವರ. ಬಾವಿಯ ಆಳದ್ದಲ್ಲ. ತೆಳ್ಳಗೆ, ಒಡೆದದ್ದು. ಸಾರು ಕೇಳಿದ ಸ್ವರ.

“ನಂಗೆ... ನಂಗೆ ಮಾತಿಲ್ಲ ಭಾಗವತ್ರೆ. ನಾನು ಈಗ ಹೇಳಿದ್ದು ಉಂಟಲ್ಲ, ಅದು ನನ್ನ ಮಾತಲ್ಲ. ನನ್ನನ್ನು ನಂಬಿ ಒಬ್ರು ಕೊಟ್ಟದ್ದು. ಅದನ್ನು ತೆಗ್ದು ಅವರಿಗೇ ಹೊಡ್ದೆ. ಇನ್ನು ಅರ್ಥ ಹೇಳುದು ನನ್ನಿಂದ ಆಗುದಿಲ್ಲ. ಮಂಗಳ ಹಾಡಿ.”

ಯಾರೋ ನಕ್ಕರು. “ಹೆಂಗಸಿನ ಎದುರು ಸೋತ!” ಎಂದರು ಇನ್ಯಾರೋ.

ಕದ ತೆಗೆದಾಗ ಮೇಬಲ್ ಅಲ್ಲೇ ನಿಂತಿದ್ದಳು.

“ಎಂತಕ್ಕೆ ನಂಗೆ ಹೇಳ್ಲಿಲ್ಲ ಬಾಯಿ?”

“ಹೇಳ್ಲಿಕ್ಕೆ ನೀನು ಬಿಟ್ಯಾ? ಹೆಸರು ತೆಗೆದ್ರೆ ಎದ್ದು ಹೋಗ್ತಿದ್ದೆ.” ಮೇಬಲ್ ಅವಳ ತಲೆ ಸವರಿದಳು. “ಮಂಗಳ ಆಗುವವರೆಗೂ ತಲೆ ತಗ್ಗಿಸಿ ಕೂತಿದ್ದ, ಪಾಪ. ಅರ್ಧಕ್ಕೆ ಅರ್ಥ ಬಿಟ್ಟ ಅರ್ಥಧಾರಿಯನ್ನು ಯಾರಾದ್ರೂ ಮತ್ತೆ ಕರೀತಾರಾ? ಅವನಿಗಿದ್ದದ್ದು ಅದೊಂದೇ ಅಲ್ವಾ ಮಾರಾಯ್ತಿ.”

*

ಮರುದಿನ ಬೆಳಗ್ಗೆ ಅವಳು ಜುಫೇರಿಗೆ ಹೋದಳು. ಮೇಡಂನ ಗಂಡನ ಕಾಂಟ್ರಾಕ್ಟು ಮುಗಿದಿತ್ತು. ಮನೆ ತುಂಬ ಪೆಟ್ಟಿಗೆಗಳು. ಟೈಪ್‌ರೈಟರ್ ಮಾತ್ರ ಇನ್ನೂ ಅಡುಗೆಮನೆಯ ಮೇಜಿನ ಮೇಲಿತ್ತು.

ನೀರಜಾ ಎಲ್ಲವನ್ನೂ ಹೇಳಿದಳು. ಮೇಡಂನ ಕಥೆಯನ್ನು ಅವಳನ್ನು ಕೇಳದೆಯೇ ಅಡುಗೆಮನೆಗೆ, ಅಲ್ಲಿಂದ ವೇದಿಕೆಗೆ ಒಯ್ದದ್ದನ್ನೂ ಹೇಳಿದಳು. ಹೇಳುತ್ತಿದ್ದಂತೆ ಅವಳಿಗೇ ತಿಳಿಯಿತು... ‘ಅಯ್ಯೋ, ನಾನು ಮಾಡಿದ್ದೂ ಅದೇ ಅಲ್ಲವಾ!’

ಮೇಡಂ ಅವಳನ್ನೇ ನೋಡಿದಳು. “ನಿನ್ನ ಭಾಷೆಯಲ್ಲಿ ರೊಸಾರಿಯೊ ಹೇಗೆ ಮಾತಾಡಿದಳು? ಹೇಳು.”

ಎರಡು ತಟ್ಟೆಯ ಮಾತನ್ನು ನೀರಜಾ ಕನ್ನಡದಲ್ಲಿ ಹೇಳಿದಳು. ಒಂದಕ್ಷರ ತಿಳಿಯದಿದ್ದರೂ ಮೇಡಂನ ಕಣ್ಣು ಒದ್ದೆಯಾಯಿತು.

“ನಾವು ಬರೆಯುವವರೆಲ್ಲ ಹೀಗೇ, ಮಿಹಾ. ನನ್ನ ಮೊದಲ ಕಥೆಯಲ್ಲಿ ಅಮ್ಮ ಅತ್ತದ್ದನ್ನು ಬರೆದೆ. ಅವಳ ಮಾತಿನಲ್ಲೇ ಬರೆದೆ. ಅವಳಿಗೆ ಓದು ಬರದು, ನೆರೆಯವರು ಓದಿ ಹೇಳಿದರು. ಅಮ್ಮ ನನಗೆ ಬಾಗಿಲು ತೆಗೆಯಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಕತ್ತಲಾಯಿತು. ಕೊನೆಗೆ ಕಿಟಕಿಯಿಂದ ಕೇಳಿದಳು, ಹಸಿವಾಗಿದೆಯಾ ಎಂದು. ಅಷ್ಟೇ. ಕ್ಷಮಿಸಿದೆ ಎಂದು ಇವತ್ತಿನವರೆಗೂ ಹೇಳಿಲ್ಲ.”

ಮೇಡಂ ಪೆಟ್ಟಿಗೆಯೊಂದನ್ನು ಬದಿಗೆ ಸರಿಸಿ ಎದುರು ಕೂತಳು.

“ಅವನು ನಿನ್ನ ಬಾಗಿಲಿಗೆ ಬಂದ. ಮತ್ತೆ ಬರುತ್ತಾನಾ?” ಎಂದಳು ಮೇಡಂ.

“ಬರುದಿಲ್ಲ ಮೇಡಂ. ಅವರಿಗೆ ಧೈರ್ಯ ಇಲ್ಲ. ಭಾನುವಾರ ಹೋಗ್ತಾರೆ.”

ಹಾಗೆಂದವಳು ಟೈಪ್‌ರೈಟರಿನಲ್ಲಿ ಸಿಕ್ಕಿಸಿದ್ದ ಹಾಳೆ ನೋಡಿದಳು. ಅನ್ಸೆಲ್ಮೊ ಹೊರಗೆ, ರೊಸಾರಿಯೊ ಒಳಗೆ. ಎಷ್ಟು ತಿಂಗಳಿಂದ ಹಾಗೇ!

“ಮೇಡಂ... ರೊಸಾರಿಯೊ ಯಾಕೆ ಯಾವಾಗಲೂ ಒಳಗೇ ಇರಬೇಕು?”

“ಏನಂದೆ?”

“ಹೋಗುವವನು ಅವನು, ಬರುವವನು ಅವನು, ತಟ್ಟುವವನು ಅವನು. ಇವಳು ತೆಗೆಯಬೇಕೋ ಬೇಡವೋ ಎಂದು ನಿಲ್ಲುವುದು ಮಾತ್ರ. ಇವಳಿಗೂ ಕಾಲುಂಟಲ್ಲ?”

ಮೇಡಂ ಹಳೆಯ ಹಾಳೆಯನ್ನು ಎಳೆದು ತೆಗೆದು, ಹೊಸದೊಂದನ್ನು ಸಿಕ್ಕಿಸಿದಳು. ಆಮೇಲೆ ನೀರಜಾಕ್ಷಿಯನ್ನು ನೋಡಿ ಗದರಿದಳು.

“ಇನ್ನೂ ಇಲ್ಲಿ ಏನು ಮಾಡುತ್ತಿದ್ದೀಯಾ? ಹೋಗು, ಮಿಹಾ!”

*

ಅಗಸ್ಟಿನ್‌ನ ಹಳೆಯ ಡಾಟ್ಸನ್ ಕಾರು ಅದೇ ಮಧ್ಯಾಹ್ನ ಹಿದ್‌ನ ದಾರಿ ಹಿಡಿಯಿತು. ಎರಡೂ ಬದಿ ಕಡಲು, ಬಿಳಿ ಬಿಸಿಲು. ಹಿಂದಿನ ಸೀಟಿನಲ್ಲಿ ನೀರಜಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

“ಎಂತ ಹೇಳ್ತಿ ಅವನಿಗೆ?” ಎಂದು ಕೇಳಿದಳು ಮೇಬಲ್.

“ಗೊತ್ತಿಲ್ಲ.”

“ಒಳ್ಳೇದಾಯ್ತು,” ಎಂದ ಅಗಸ್ಟಿನ್. “ಅವನಿಗೂ ಗೊತ್ತಿರುದಿಲ್ಲ. ನಾವು ಸಾಯಂಕಾಲದವರೆಗೆ ಕಾಯುವ!”

ಕಾರ್ಮಿಕರ ಕ್ಯಾಂಪಿನ ಗೇಟಿನಲ್ಲಿ ಪಠಾಣ ವಾಚ್‌ಮನ್ ಕೈ ಅಡ್ಡ ಹಿಡಿದ. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಗೇಟಿನ ಬದಿಗೆ ತಗಡಿನ ಒಂದು ಚಿಕ್ಕ ಬಾಗಿಲಿತ್ತು, ಮುಚ್ಚಿತ್ತು. ನೀರಜಾ ಕಾರಿನಿಂದ ಇಳಿದು ಅದರ ಎದುರು ನಿಂತಳು. ಒಳಗೆ ವಾಚ್‌ಮನ್ ಜಯರಾಜನ ಹೆಸರು ಕೂಗುತ್ತಾ ಹೋದದ್ದು ಕೇಳಿಸಿತು.

ಕಾದಳು. ‘ಕಾಯುವುದು ಇದೇ ಕೊನೆ,’ ಎಂದುಕೊಂಡಳು.

ಚಪ್ಪಲಿಯ ಸದ್ದು. ಆ ದಿನ ಮೆಟ್ಟಿಲು ಇಳಿದು ಹೋದ ಅದೇ ಚಪ್ಪಲಿ! ಅವಳು ಕೈ ಎತ್ತಿ ತಗಡಿನ ಬಾಗಿಲನ್ನು ತಟ್ಟಿದಳು.

“ಯಾರು?” ಎಂದಿತು ಒಳಗಿನ ಸ್ವರ.

“ರೊಸಾರಿಯೊ ಅಲ್ಲ,” ಎಂದಳು. “ನಾನು. ನೀರಜಾಕ್ಷಿ.”

ಚಿಲಕ ಸರಿಯಿತು. ಲುಂಗಿ, ಬನಿಯನಿನಲ್ಲಿ ನಿಂತಿದ್ದ ಜಯರಾಜ ಅವಳನ್ನು ಕಂಡು ಗಾಬರಿಯಲ್ಲಿ ಹೆಗಲ ಟವೆಲನ್ನು ಎದೆಗೆ ಹೊದ್ದುಕೊಂಡ. ಗಲ್ಲ ಇಳಿದಿತ್ತು. ಗಡ್ಡ ಬೆಳೆದಿತ್ತು.

“ಟೇಪು ಕೇಳಿದೆ,” ಎಂದಳು.

ಅವನು ತಲೆ ತಗ್ಗಿಸಿದ. “ತಪ್ಪಾಯ್ತು.”

“ಹೌದು, ತಪ್ಪೇ. ತುಂಬಾ ನೋವಾಯ್ತು ನಂಗೆ.” ಅವಳ ಕಣ್ಣು ತುಂಬಿತು. “ಆದ್ರೆ ಆ ಮಾತು ಉಂಟಲ್ಲ, ಕಾಯುದನ್ನೇ ಪ್ರೀತಿಸಿದ್ದು ಅಂತ... ಅದು ನಾನು ಹೇಳಿದ್ದೇ ಸುಳ್ಳು. ನಂಗೆ ಕಾಯುದು ಇಷ್ಟ ಇಲ್ಲ. ಒಂದು ಚೂರೂ ಇಷ್ಟ ಇಲ್ಲ! ಅದಕ್ಕೇ ಬಂದೆ.”

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಅಷ್ಟು ದೊಡ್ಡ ಸಭೆಗಳನ್ನು ಅಲ್ಲಾಡಿಸಿದ ಗಂಟಲು ಒಂದು ಅಕ್ಷರಕ್ಕಾಗಿ ಒದ್ದಾಡಿತು.

“ಆ ದಿನ... ಬಾಗಿಲ ಹತ್ರ... ಹೇಳ್ಬೇಕು ಅಂತಲೇ ಬಂದದ್ದು. ಒಳ್ಳೆ ಮಾತುಗಳು ಬಂದವು ತಲೆಗೆ. ಎಲ್ಲಾ ಅನ್ಸೆಲ್ಮೊನದ್ದೇ. ನಂದು ಅಂತ ಒಂದೂ ಸಿಗ್ಲಿಲ್ಲ. ನಿಮಗೆ ಇನ್ನೊಬ್ಬನ ಮಾತು ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ.”

ಅವಳು ಅವನನ್ನು ನೋಡಿದಳು. ಇಷ್ಟು ಉದ್ದದ ಸ್ವಂತ ಮಾತು ಅವನು ಬಹುಶಃ ಹುಟ್ಟಿದಾಗಿನಿಂದ ಆಡಿರಲಿಲ್ಲ!

“ದುಬೈಗೆ ಹೋಗ್ತೀರಾ?”

“ನೀವು... ಬೇಡ ಅಂದ್ರೆ...”

“ಬೇಡ.”

“ಹಾಗಾದ್ರೆ ಇಲ್ಲ.”

ಗೇಟಿನಾಚೆ ಕ್ರೇನಿನ ಸದ್ದು ನಿಂತಿತು. ಕಡಲಿನ ಮೇಲೆ ಒಂದು ಹಕ್ಕಿ ಕೂಗಿತು.

“ಇಷ್ಟೇನಾ?” ಎಂದಳು ಅವಳು, ಅಳುವಿನ ನಡುವೆ ಕೀಟಲೆಗೆ. “ಇನ್ನೊಂದು ಮಾತು ಹೇಳಿ. ನಿಮ್ಮದೇ.”

ಜಯರಾಜ ಹಣೆಯ ಬೆವರು ಒರೆಸಿದ. ಯೋಚಿಸಿದ. ಕಿಡಿ ತಾಗಿ ಕಪ್ಪಾದ ಕೈಯನ್ನು ಅಂಜುತ್ತಂಜುತ್ತ ಚಾಚಿ, ಅವಳ ಬೆರಳ ತುದಿಯನ್ನು ಮುಟ್ಟಿಯೂ ಮುಟ್ಟದಂತೆ ಹಿಡಿದ.

“ಊಟ ಆಯ್ತಾ ನಿಮ್ದು?”

ನೀರಜಾಕ್ಷಿ ನಕ್ಕಳು. ನಗುತ್ತಾ ಅತ್ತಳು. ಎಲ್ಲೋ ಟೆಕ್ಸಾಸಿನ ಒಂದು ಕಿಟಕಿಯಲ್ಲಿ ಮೇಡಂನ ಮುದಿ ಅಮ್ಮನ ಮುಖ ಕಂಡಂತಾಯಿತು ಅವಳಿಗೆ.

“ಇಲ್ಲ. ನಿಮ್ದು?”

“ನಂದೂ ಇಲ್ಲ.”

“ಅಂಗಿ ಹಾಕ್ಕೊಂಡು ಬನ್ನಿ ಹಾಗಾದ್ರೆ. ಮೇಬಲ್ ಬಾಯಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿಟ್ಟು ಬಂದಿದ್ದಾರೆ.”

ಅವನು ಎರಡು ಹೆಜ್ಜೆ ಹೋಗಿ, ತಿರುಗಿ ನಿಂತ.

“ನೀವು... ಇಲ್ಲೇ ಇರ್ತೀರಲ್ಲ?”

“ಕಾಯುದಿಲ್ಲ ಅಂದೆನಲ್ಲ. ಬೇಗ ಬನ್ನಿ!”